ಬೆಳಗಿನ ತುತ್ತು: ಉಣ್ಣಬೇಕೆ, ಬಿಡಬೇಕೆ?

ಚಿತ್ರದುರ್ಗದ ಕೋಟೆಯನ್ನು ನೋಡಲು ಹೋದವರಿಗೆ ಓಬವ್ವನ ಕಿಂಡಿಯನ್ನು ತೋರಿಸದೆ ಯಾರೂ ಹಿಂದಕ್ಕೆ ಕಳುಹಿಸುವುದಿಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದೆ. ಹೈದರಾಲಿಯ ಸೈನ್ಯ ದುರ್ಗವನ್ನು ಮುತ್ತಿದ್ದ ಕಾಲ. ಕಾವಲಿನವನು ಊಟಕ್ಕೆಂದು ಮನೆಗೆ ಬಂದ, ಹೆಂಡತಿ ಬಡಿಸಿದಳು, ಕುಡಿಯಲು ನೀರಿಲ್ಲವೆಂದು ಕೊಡ ಹಿಡಿದು ಹೊರಟಳು, ಬಂಡೆಯ ಸಂದಿನಲ್ಲಿ ಶತ್ರುಗಳ ಸದ್ದು ಕೇಳಿಸಿತು, ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸದೆ ಒನಕೆ ಹಿಡಿದು ನಿಂತಳು. ಕೋಟೆ 1779ರಲ್ಲಿ ಹೈದರನ ವಶವಾಯಿತು. ಆದರೆ ಜನರ ಬಾಯಲ್ಲಿ ಉಳಿದದ್ದು ಆ ಒನಕೆಯೆ.

ನನಗೆ ಈ ಕಥೆಯಲ್ಲಿ ಬೇರೊಂದು ಕುತೂಹಲವಿದೆ. ಇಡೀ ಪ್ರಸಂಗ ನಿಂತಿರುವುದು ಒಂದು ಊಟದ ಮೇಲೆ. ಹೇಳುವವರೆಲ್ಲ ಅದನ್ನು ಮಧ್ಯಾಹ್ನದ ಊಟವೆನ್ನುತ್ತಾರೆ. ಹಾಗಾದರೆ ಬುರುಜಿನ ಮೇಲೆ ನಿಂತಿದ್ದ ಆ ಕಾವಲಿನವನು ಹೊತ್ತಾರೆ ಏನು ತಿಂದಿದ್ದ? ಗಂಡ ಉಂಡೆದ್ದ ಮೇಲೆ ತಾನು ಉಣ್ಣುವ ರೂಢಿಯ ಆ ಹೆಣ್ಣುಮಗಳು ಒನಕೆ ಎತ್ತಿದಾಗ ಅವಳ ಹೊಟ್ಟೆಯಲ್ಲಿ ಏನಿದ್ದಿತು? ಕಥೆ ಅದನ್ನು ಹೇಳುವುದಿಲ್ಲ. ಕೋಟೆಯಲ್ಲಿ ಕಣಜಗಳನ್ನು ಕಾಣಬಹುದು, ಎಣ್ಣೆಯ ಕೊಳಗಳನ್ನು ಕಾಣಬಹುದು. ಯಾರು ಎಷ್ಟು ಹೊತ್ತಿಗೆ ಉಂಡರೆಂಬುದನ್ನು ಕಲ್ಲು ಹೇಳಲಾರದು.

ಈ ಪ್ರಶ್ನೆ ನನಗೆ ಹೊಳೆದದ್ದಕ್ಕೆ ಕಾರಣವುಂಟು. ಈಗ ನಾಲ್ಕು ಜನ ಸೇರಿದಲ್ಲಿ ಒಬ್ಬರಾದರೂ, “ನಾನು ಬೆಳಗಿನ ತಿಂಡಿಯನ್ನು ಬಿಟ್ಟುಬಿಟ್ಟೆ, ಹದಿನಾರು ಗಂಟೆ ಉಪವಾಸ” ಎನ್ನುತ್ತಾರೆ. ಇನ್ನೊಬ್ಬರು, “ಅಯ್ಯೋ, ಬೆಳಗ್ಗೆ ರಾಜನಂತೆ ತಿನ್ನಬೇಕಂತೆ” ಎಂದು ಎದುರಾಡುತ್ತಾರೆ. ಇಬ್ಬರೂ ತಮ್ಮ ಪಕ್ಷಕ್ಕೆ ಹಿರಿಯರನ್ನು ಸಾಕ್ಷಿಗೆ ಕರೆಯುತ್ತಾರೆ. ನಮ್ಮ ಹಿರಿಯರು ಎರಡೇ ಹೊತ್ತು ಉಣ್ಣುತ್ತಿದ್ದರೆಂದು ಒಬ್ಬರು, ನಮ್ಮ ಹಿರಿಯರು ಕೋಳಿ ಕೂಗುವ ಹೊತ್ತಿಗೆ ಮುದ್ದೆ ಉಂಡು ಹೊಲಕ್ಕೆ ಹೋಗುತ್ತಿದ್ದರೆಂದು ಮತ್ತೊಬ್ಬರು. ಸೋಜಿಗವೆಂದರೆ ಎರಡೂ ನಿಜ. ಯಾವ ಹಿರಿಯರು, ಯಾವ ಕೆಲಸದವರು, ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಉಂಡವರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮೊದಲು ಮಾತುಗಳನ್ನೆ ನೋಡೋಣ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬೆಳಗಿನ ತಿಂಡಿಗೆ ನಾಷ್ಟಾ ಎನ್ನುತ್ತಾರೆ. ಇದು ಪಾರಸಿಯಿಂದ ಬಂದ ಮಾತು. ಅಲ್ಲಿ ಅದರ ಮೂಲಾರ್ಥ ‘ಏನನ್ನೂ ತಿನ್ನದೆ ಇರುವವನು’ ಎಂದು! ಬರಿಹೊಟ್ಟೆಯ ಹೆಸರು ಹೊಟ್ಟೆ ತುಂಬಿಸುವ ತಿಂಡಿಗೆ ಬಂದಿತು. ಇಂಗ್ಲಿಷಿನ ಬ್ರೇಕ್‌ಫಾಸ್ಟ್ ಎಂಬುದೂ ಉಪವಾಸವನ್ನು ಮುರಿಯುವುದೆಂದೇ. ಸಂಸ್ಕೃತದಿಂದ ನಾವು ತೆಗೆದುಕೊಂಡ ಉಪಾಹಾರವೆಂದರೆ ಕಿರಿಯ ಊಟ. ಹೋಟೆಲಿನ ಬೋರ್ಡುಗಳಲ್ಲಿ ಇದನ್ನು ‘ಉಪಹಾರ’ ಎಂದು ಬರೆಯುತ್ತಾರೆ. ಅದಕ್ಕೆ ಕಾಣಿಕೆ ಎಂದರ್ಥ. ಕಾಣಿಕೆ ಎಂದು ಬರೆದೂ ಬಿಲ್ಲು ಕೊಡುವುದನ್ನು ಅವರು ಮರೆಯುವುದಿಲ್ಲ, ಅದಿರಲಿ. ನಮ್ಮ ಸೀಮೆಯ ಅಚ್ಚ ಮಾತು ಇವು ಯಾವುದೂ ಅಲ್ಲ, ‘ತಂಗಳು’. ರಾತ್ರಿ ಉಳಿದದ್ದು. ಬೆಳಗಿಗೆಂದೇ ಬೇರೆ ಅಡಿಗೆ ಮಾಡುವ ವಾಡಿಕೆ ಬಹು ಮನೆಗಳಲ್ಲಿ ಇರಲಿಲ್ಲವೆಂಬುದಕ್ಕೆ ಆ ಮಾತೇ ಸಾಕ್ಷಿ.

ಶಾಸ್ತ್ರ ಹೇಳುವುದು ಎರಡು ಹೊತ್ತನ್ನೆ. ಶತಪಥ ಬ್ರಾಹ್ಮಣದಲ್ಲಿ ದೇವತೆಗಳೂ ಪಿತೃಗಳೂ ಮನುಷ್ಯರೂ ಪ್ರಜಾಪತಿಯ ಬಳಿಗೆ ಹೋಗಿ ಬಾಳುವ ಬಗೆಯನ್ನು ಕೇಳುವ ಪ್ರಸಂಗವಿದೆ. ಮನುಷ್ಯರಿಗೆ ಸಿಕ್ಕಿದ ಅಪ್ಪಣೆ ಸಂಜೆಗೊಮ್ಮೆ, ಬೆಳಗ್ಗೆಗೊಮ್ಮೆ ಉಣ್ಣಿರೆಂದು. ಸುಶ್ರುತ ಸಂಹಿತೆ ಇನ್ನೂ ಸೂಕ್ಷ್ಮವಾಗಿ ನೋಡುತ್ತದೆ. ಜೀರ್ಣಶಕ್ತಿ ಕುಂದಿದವನಿಗೆ, ಅದು ಮತ್ತೆ ಹೆಚ್ಚಲೆಂದು, ದಿನಕ್ಕೆ ಒಂದೇ ಊಟ, ಸಮನಾಗಿರುವವನಿಗೆ ಎರಡು. ಎಲ್ಲರಿಗೂ ಒಂದೇ ಕಟ್ಟಳೆ ಎಂದು ಅದು ಹೇಳಲಿಲ್ಲ. ಉಣ್ಣುವವನ ಒಡಲನ್ನು ನೋಡಿ ಹೇಳಿತು. ಮೊದಲು ಉಂಡದ್ದು ಅರಗುವ ಮುನ್ನ ಮತ್ತೆ ಉಣ್ಣುವುದಕ್ಕೆ ಆಯುರ್ವೇದದಲ್ಲಿ ‘ಅಧ್ಯಶನ’ವೆಂದು ಹೆಸರು, ಅದು ದೋಷ. ದೇಹಕ್ಕೆ ಒಗ್ಗಿದ್ದಕ್ಕೆ ‘ಸಾತ್ಮ್ಯ’ವೆಂದು ಹೆಸರು. ಈ ಎರಡು ಮಾತುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತವೆ.

ಇಡ್ಲಿ ಬೆಳಗಿನ ತಿಂಡಿಯಲ್ಲವೆ, ಅದು ಹಳೆಯದಲ್ಲವೆ ಎಂದು ನೀವು ಕೇಳಬಹುದು. ಹಳೆಯದು ನಿಜ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಬರುತ್ತದೆ. ಮನೆಗೆ ಬಂದ ಬ್ರಹ್ಮಚಾರಿಗೆ ಬಡಿಸಿದ ಭಕ್ಷ್ಯಗಳ ಸಾಲಿನಲ್ಲಿ. ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನವಿದೆ. ಆದರೆ ಅದು ಅತಿಥಿಗೆ ಬಡಿಸುವ ಭಕ್ಷ್ಯ. ಎದ್ದ ಕೂಡಲೆ ತಿನ್ನುವ ತಿಂಡಿಯಾಗಿ ಅದು ಮನೆಮನೆಗೆ ಬಂದದ್ದು ಬಹಳ ಈಚೆಗೆ.

ಬೆಳಗ್ಗೆ ಏನನ್ನೂ ಬಾಯಿಗೆ ಹಾಕದವರು ನಮ್ಮಲ್ಲಿ ನಿಜವಾಗಿಯೂ ಇದ್ದರು. ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ಹಿರಿಯರನ್ನು ಬೃಹನ್ಮಠದ ನೆರಳಿನಲ್ಲಿ ಬೆಳೆದ ಮನೆಗಳವರು ಕಂಡಿದ್ದಾರೆ. ಸ್ನಾನ ಸಂಧ್ಯೆ ಮುಗಿಸಿ ದೇವರ ನೈವೇದ್ಯವಾದ ಮೇಲೆ ಎಲೆಯ ಮುಂದೆ ಕೂಡುವ ಬ್ರಾಹ್ಮಣರಿದ್ದರು. ಪೇಟೆಯ ಗುಮಾಸ್ತರೂ ಮೇಷ್ಟರುಗಳೂ ಒಂಬತ್ತೂವರೆ, ಹತ್ತಕ್ಕೆಲ್ಲ ಅನ್ನ ಸಾರು ಮಜ್ಜಿಗೆಯ ಪೂರ್ತಿ ಊಟ ಮುಗಿಸಿ ಕೋಟು ತೊಟ್ಟು ಕಚೇರಿಗೆ ನಡೆಯುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಒಂದಿಷ್ಟು ತಿಂಡಿ. ರಾತ್ರಿ ಎಂಟಕ್ಕೆ ಊಟ, ಒಂಬತ್ತಕ್ಕೆ ದೀಪ ಆರಿಸುವುದು. ಇವರು ‘ಬೆಳಗಿನ ಆಹಾರ ಬಿಟ್ಟವರು’ ಎಂದರೆ ಅರ್ಧ ಸತ್ಯ. ಬೆಳಗಿನ ತಿಂಡಿಯನ್ನು ಬಿಟ್ಟರು, ಸರಿ. ಆದರೆ ಹತ್ತು ಗಂಟೆಗೆ ತುಂಬಿದ ಎಲೆಯ ಮುಂದೆ ಕುಳಿತರು. ರಾತ್ರಿ ಹತ್ತೂವರೆಗೆ ಊಟ ಮಾಡಿ, ಬೆಳಗ್ಗೆ ಎರಡು ಲೋಟ ಕಾಫಿ ಕುಡಿದು, ಮಧ್ಯಾಹ್ನ ಎರಡರ ತನಕ ಕುರ್ಚಿಯ ಮೇಲೆ ಕೂಡುವ ನಾವು ಅವರ ಹೆಸರನ್ನು ಹೇಳುವುದು ನ್ಯಾಯವಲ್ಲ.

ಇನ್ನು ಊರ ಹೊರಗೆ ಬನ್ನಿ. ನಾಯಕರ ಹೆಸರನ್ನು ಹೊತ್ತ ಮದಕರಿಪುರದಂಥ ಹಳ್ಳಿಗಳಲ್ಲಿ ದಿನದ ಲೆಕ್ಕವೇ ಬೇರೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆ ರಾಗಿ. ದುರ್ಗದಿಂದ ಬಡಗಲಿಗೆ ಹೋದಂತೆ ಜೋಳ. ನಡುನಡುವೆ ನವಣೆ, ಸಾಮೆ. ಮಳೆಯ ಹದ ನೋಡಿ ಕತ್ತಲಿರುವಾಗಲೆ ನೇಗಿಲು ಹೂಡಬೇಕು, ಬಿಸಿಲೇರುವ ಮುಂಚೆ ಎತ್ತುಗಳನ್ನು ಬಿಡಬೇಕು. ಸೂರ್ಯ ಮುಳುಗಿ ಹೆಚ್ಚು ಹೊತ್ತಾಗುವ ಮೊದಲೆ ಉಂಡು ಮಲಗಿದವನಿಗೆ ಬೆಳಗಿನ ಜಾವಕ್ಕೆ ಹತ್ತು ಗಂಟೆಯ ಉಪವಾಸ ಆಗಿಯೇ ಹೋಗಿರುತ್ತದೆ. ಅವನಿಗೆ ತಂಗಳು ಬೇಕು. ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಹಾಕಿ, ಈರುಳ್ಳಿಯನ್ನೊ ಹಸಿಮೆಣಸಿನಕಾಯನ್ನೊ ಕಚ್ಚಿಕೊಂಡು ಉಣ್ಣುವುದು. ಇಲ್ಲವೆ ಒಂದು ಚೆಂಬು ಅಂಬಲಿ. ಕೆಲವು ಮನೆಗಳಲ್ಲಿ ಹೊರಡುವ ಮೊದಲೇ ಉಣ್ಣುತ್ತಿದ್ದರು. ಕೆಲವರ ಬುತ್ತಿ ಹೊತ್ತೇರಿದ ಮೇಲೆ ಹೆಂಡತಿಯ ತಲೆಯ ಮೇಲೆ ಹೊಲಕ್ಕೆ ಬರುತ್ತಿದ್ದಿತು. ಎರಡು ಗಂಟೆ ಉತ್ತಮೇಲೆ ಉಂಡದ್ದು ರುಚಿಯೂ ಹೌದು, ಅರಗುವುದೂ ಹೌದು. ಇಲ್ಲಿ ಬೆಳಗಿನ ತುತ್ತನ್ನು ಗಡಿಯಾರ ನಿರ್ಣಯಿಸಲಿಲ್ಲ, ನೇಗಿಲು ನಿರ್ಣಯಿಸಿತು.

ಆದರೆ ಈ ಚಿತ್ರವನ್ನು ಅಂದವಾಗಿ ಬಿಡಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ತಂಗಳಿರಬೇಕಾದರೆ ರಾತ್ರಿ ಉಳಿದಿರಬೇಕು. ಈ ಸೀಮೆ ಬರದ ಸೀಮೆ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ, ಎಂದರೆ 1876ರಿಂದ 78ರ ತನಕ ಇದ್ದದ್ದು, ಇಡೀ ಮೈಸೂರು ಸಂಸ್ಥಾನವನ್ನು ನುಂಗಿತು. 1871ರ ಗಣತಿಯಲ್ಲಿ ಸಂಸ್ಥಾನದ ಜನ 50,55,412, 1881ರಲ್ಲಿ 41,86,188. ಹತ್ತು ವರ್ಷಕ್ಕೆ ಬೆಳೆಯಬೇಕಾದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿಯಿತು. ಇಂಥ ನೆನಪುಳ್ಳ ನಾಡಿನಲ್ಲಿ ಒಂದು ಹೊತ್ತು ಬಿಡುವುದೆಂದರೆ ಎರಡರ್ಥ. ಏಕಾದಶಿಗೆ ಬಿಟ್ಟರೆ ವ್ರತ. ಕಾಳಿಲ್ಲದೆ ಬಿಟ್ಟರೆ ಹೊಟ್ಟೆಗಿಲ್ಲದ್ದು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಹಾಗೆ ಕಾಣುತ್ತವೆ. ‘ನಮ್ಮ ಹಿರಿಯರು ಎರಡು ಹೊತ್ತು ಉಂಡೇ ಗಟ್ಟಿಯಾಗಿದ್ದರು’ ಎಂಬ ಮಾತನ್ನು ಕೇಳುವಾಗಲೆಲ್ಲ ನನಗೆ ಆ ಎರಡು ಗಣತಿಗಳ ಅಂಕಿ ನೆನಪಾಗುತ್ತದೆ.

ಕಾಫಿ ಬಂದದ್ದು ಆಮೇಲಿನ ಮಾತು. ಬಾಬಾಬುಡನ್‌ಗಿರಿ ನಮಗೆ ದೂರವಲ್ಲ. ಆದರೂ ಅಲ್ಲಿಯ ಬೀಜ ನಮ್ಮ ಒಲೆಯ ಮೇಲೆ ಕುದಿಯಲು ಬಹಳ ಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪೇಟೆಗಳಲ್ಲಿ ಕಾಫಿ ಕ್ಲಬ್ಬುಗಳೂ ಫಲಾಹಾರ ಮಂದಿರಗಳೂ ಎದ್ದವು. ಬೆಂಗಳೂರಿನ ಎಂ.ಟಿ.ಆರ್. ಹುಟ್ಟಿದ್ದು 1924ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ತಾವು ರವೆಯಿಂದ ಇಡ್ಲಿ ಮಾಡಿದೆವೆಂದು ಆ ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಕಾಫಿಯ ಗುಣವೆಂದರೆ ಅದು ಹಸಿವನ್ನು ತೀರಿಸುವುದಿಲ್ಲ, ಮರೆಸುತ್ತದೆ. ಬರಿಗಾಫಿಯನ್ನು ಕುಡಿಸಬಾರದೆಂಬ ಮರ್ಯಾದೆಯಿಂದ ಅದರ ಪಕ್ಕಕ್ಕೆ ಉಪ್ಪಿಟ್ಟು ಬಂದಿತು, ದೋಸೆ ಬಂದಿತು. ಹೀಗೆ ಪೇಟೆಯ ಮನೆಗೆ ಮೂರನೆಯ ಒಲೆ ಹತ್ತಿತು. ಹತ್ತು ಗಂಟೆಯ ಊಟ ಮೆಲ್ಲನೆ ಒಂದು ಗಂಟೆಗೆ ಸರಿಯಿತು.

1997ರ ತನಕ ನಮ್ಮ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ ಇದಕ್ಕೆ ಗಿರಣಿಯ ಕೂಗೂ ಸೇರಿತು. ಹತ್ತಿಯ ಗಿರಣಿಗಳಿಂದ ಆ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದಿತು. ಬೆಳಗಿನ ಪಾಳಿಗೆ ಹೋಗುವವನು ಹೊಲದವನಂತೆ ಬುತ್ತಿಗೆ ಕಾಯಲಾರ. ಮಂಡಕ್ಕಿ, ಮೆಣಸಿನಕಾಯಿ, ಬೆಣ್ಣೆದೋಸೆಗಳಿಗೆ ಆ ಊರು ಹೆಸರಾದುದರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹಸಿಯುವ ದುಡಿಮೆಗಾರರ ಪಾಲೂ ಇರಬೇಕೆಂದು ನನ್ನ ಊಹೆ. ಕಾನೂನೂ ಹೊಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿತು: 1948ರ ಕಾರ್ಖಾನೆ ಕಾಯಿದೆ ಯಾವ ಕೆಲಸಗಾರನನ್ನೂ ಅರ್ಧ ಗಂಟೆಯ ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದೆಂದಿತು.

ಮ್ಯಾಂಚೆಸ್ಟರಿನ ಮಾತು ಬಂದುದರಿಂದ ಅಸಲು ಮ್ಯಾಂಚೆಸ್ಟರಿಗೇ ಒಮ್ಮೆ ಹೋಗಿಬರೋಣ. ಬೆಳಗಿನ ಆಹಾರವನ್ನು ಬಿಟ್ಟು ನೋಡಿ ಅದನ್ನು ಬರೆದಿಟ್ಟ ಭಾರತೀಯರಲ್ಲಿ ಎಲ್ಲರಿಗಿಂತ ಪ್ರಸಿದ್ಧರು ಗಾಂಧೀಜಿ. ದಕ್ಷಿಣ ಆಫ್ರಿಕದಲ್ಲಿದ್ದಾಗ ಅವರಿಗೆ ಆಗಾಗ ತಲೆನೋವು, ಮಲಬದ್ಧತೆ. ಇಂಗ್ಲಿಷರು ಅತಿಯಾಗಿ, ಅಡಿಗಡಿಗೆ ತಿನ್ನುತ್ತಾರೆಂದು ಮ್ಯಾಂಚೆಸ್ಟರಿನಲ್ಲಿ ಕೆಲವರು ‘ಬೆಳಗಿನ ಆಹಾರ ಬಿಟ್ಟವರ ಸಂಘ’ವೊಂದನ್ನು ಕಟ್ಟಿದ ಸುದ್ದಿಯನ್ನು ಅವರು ಓದಿದರು. ಆಗ ಅವರದು ಮೂರು ಹೊತ್ತಿನ ತುಂಬು ಊಟ, ಮೇಲೆ ಮಧ್ಯಾಹ್ನದ ಚಹ. ಬಿಟ್ಟು ನೋಡಿದರು. ಮೊದಲ ಕೆಲವು ದಿನ ಕಷ್ಟವಾಯಿತು. ಆಮೇಲೆ ತಲೆನೋವು ಪೂರ್ತಿ ಹೋಯಿತು. ಇದರಿಂದ ಅವರು ತೆಗೆದ ತೀರ್ಮಾನವನ್ನು ಗಮನಿಸಬೇಕು. ಬೆಳಗಿನ ಆಹಾರ ಕೆಟ್ಟದ್ದೆಂದಲ್ಲ. ತಾನು ಬೇಕಾದುದಕ್ಕಿಂತ ಹೆಚ್ಚು ತಿನ್ನುತ್ತಿದ್ದೆನೆಂದು. ಮಲಬದ್ಧತೆ ಮಾತ್ರ ಅದರಿಂದ ಹೋಗಲಿಲ್ಲವೆಂಬುದನ್ನೂ ಮರೆಮಾಚದೆ ಬರೆದರು. ಪ್ರಯೋಗವೆಂದರೆ ಹೀಗಿರಬೇಕು.

ಅದೇ ಕಾಲಕ್ಕೆ ಅಮೆರಿಕದಲ್ಲಿ ಡ್ಯೂಯಿ ಎಂಬ ವೈದ್ಯ ಬೆಳಗಿನ ಆಹಾರವನ್ನು ಬಿಡಬೇಕೆಂದು 1900ರಲ್ಲಿ ಪುಸ್ತಕವನ್ನೇ ಬರೆದ. ಮತ್ತೊಂದು ಕಡೆ ಧಾನ್ಯದ ಅವಲಕ್ಕಿಯನ್ನು ಡಬ್ಬಿಯಲ್ಲಿ ತುಂಬಿ ಮಾರುವ ಕಂಪನಿಗಳು ಎದ್ದವು. ದಿನದ ಆಹಾರಗಳಲ್ಲೆಲ್ಲ ಬೆಳಗಿನದೇ ಮುಖ್ಯವೆಂಬ ಮಾತು ಲೋಕದಲ್ಲಿ ಹಬ್ಬಿದ್ದರಲ್ಲಿ ಅವರ ಜಾಹಿರಾತಿನ ಪಾಲು ಕಡಿಮೆಯಲ್ಲ.

ಈಚಿನ ವಿಜ್ಞಾನಿಗಳು ಈ ಜಗಳವನ್ನು ತೂಕಕ್ಕೆ ಹಾಕಿ ನೋಡಿದ್ದಾರೆ. 2014ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ಆರು ವಾರ ಕೆಲವರಿಗೆ ಬೆಳಗಿನ ಆಹಾರ ಕೊಟ್ಟರು, ಕೆಲವರಿಗೆ ಮಧ್ಯಾಹ್ನದ ತನಕ ಕೊಡಲಿಲ್ಲ. ತೂಕದಲ್ಲಿ ಹೇಳಿಕೊಳ್ಳುವ ಅಂತರವಿರಲಿಲ್ಲ. ಆದರೆ ತಿಂದವರು ದಿನದಲ್ಲಿ ಹೆಚ್ಚು ಓಡಾಡಿದರು. ಬ್ರಿಟಿಷ್ ಮೆಡಿಕಲ್ ಜರ್ನಲ್ 2019ರಲ್ಲಿ ಇಂಥ 13 ಪರೀಕ್ಷೆಗಳನ್ನು ಒಟ್ಟಿಗೆ ತೂಗಿದ ಲೇಖನವನ್ನು ಪ್ರಕಟಿಸಿತು. ಬಿಟ್ಟವರ ತೂಕ ಅರ್ಧ ಕಿಲೋವಿಗಿಂತಲೂ ಕಡಿಮೆಯಷ್ಟು ಇಳಿದಿದ್ದಿತು. ಆ ಪರೀಕ್ಷೆಗಳ ಗುಣಮಟ್ಟವೂ ಅಷ್ಟಕ್ಕಷ್ಟೆ ಎಂದು ಬರೆದವರೇ ಎಚ್ಚರಿಸಿದರು. ಎಂದರೆ ತೂಕ ಇಳಿಸಲು ಇದು ರಾಮಬಾಣವಲ್ಲ; ಬಿಟ್ಟರೆ ಮೈ ಊದುತ್ತದೆಂಬ ಹೆದರಿಕೆಯೂ ಬೇಡ. ಸಕ್ಕರೆ ಕಾಯಿಲೆಯವರ ಮಾತು ಬೇರೆ. 2015ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅಂಥವರು ಬೆಳಗಿನ ಆಹಾರವನ್ನು ಬಿಟ್ಟ ದಿನ, ಮಧ್ಯಾಹ್ನ ಮತ್ತು ರಾತ್ರಿ ಅದೇ ಊಟವನ್ನು ಮಾಡಿದರೂ ರಕ್ತದ ಸಕ್ಕರೆ ಹೆಚ್ಚು ಏರಿತು.

ಹಾಗಾದರೆ ನನ್ನ ಒಡಲಿಗೆ ಯಾವುದು ಒಗ್ಗುತ್ತದೆಂದು ತಿಳಿಯುವುದು ಹೇಗೆ? ನೇಗಿಲಿನವನ ಲೆಕ್ಕವನ್ನೇ ಹಿಡಿಯಬೇಕು. ರಾತ್ರಿ ಕೊನೆಯ ತುತ್ತು ಎಷ್ಟು ಹೊತ್ತಿಗೆ? ಮಧ್ಯಾಹ್ನದ ಮೊದಲ ತುತ್ತು ಎಷ್ಟು ಹೊತ್ತಿಗೆ? ನಡುವೆ ಮೈಗೆ ಏನು ಕೆಲಸ? ಹತ್ತೂವರೆಗೆ ಉಂಡು ಏಳಕ್ಕೆ ಏಳುವವನಿಗೆ ಹಸಿವಿಲ್ಲದಿದ್ದರೆ ಆಶ್ಚರ್ಯವಿಲ್ಲ. ಅವನು ತಿಂದರೆ ಅದು ಅಧ್ಯಶನ. ಸೂರ್ಯಾಸ್ತದೊಳಗೆ ಉಣ್ಣುವ ಜೈನರ ಮನೆಯವನು ಅವನನ್ನು ನೋಡಿ ಬಿಟ್ಟರೆ ಸಂಕಟಪಡುತ್ತಾನೆ. ಬಿಡಬೇಕೆನಿಸಿದರೆ ಒಮ್ಮೆಗೇ ಬಿಡಬಾರದು. ರೂಢಿಯನ್ನು ಕಾಲುಕಾಲು ಭಾಗವಾಗಿ ಬದಲಾಯಿಸಬೇಕೆಂದು ಚರಕ ಸಂಹಿತೆಯಲ್ಲಿ ಹೇಳಿದೆ. ನಾಲ್ಕು ಇಡ್ಲಿ ಮೂರಾಗಲಿ, ಎರಡಾಗಲಿ. ಕಾಫಿಯನ್ನು ಅದೇ ವಾರ ಬಿಡಬಾರದು. ಬಿಟ್ಟರೆ ಬರುವ ತಲೆನೋವು ಹಸಿವಿನದೋ ಕಾಫಿಯದೋ ಗೊತ್ತಾಗದು. ಹಾಲು ಸಕ್ಕರೆ ಹಾಕಿದ ಕಾಫಿಯನ್ನು ಎರಡು ಸಲ ಕುಡಿದು ಉಪವಾಸವೆಂದು ಕರೆಯುವುದೂ ಬೇಡ. ಮೊದಲ ನಾಲ್ಕೈದು ದಿನವನ್ನು ಲೆಕ್ಕಕ್ಕೆ ಹಿಡಿಯದೆ, ಮುಂದಿನ ಎರಡು ವಾರ ಹನ್ನೊಂದು ಗಂಟೆಗೆ ನಿಮ್ಮನ್ನೆ ನೋಡಿಕೊಳ್ಳಿ. ಕೈ ನಡುಗುತ್ತದೆಯೆ, ಕಣ್ಣು ಮಂಜಾಗುತ್ತದೆಯೆ, ಮಧ್ಯಾಹ್ನ ಬಕಾಸುರನಂತಾಗುತ್ತೀರೊ? ನಾನೂ ಹೀಗೆ ಮಾಡಿ ನೋಡಿದೆ. ಹೊಟ್ಟೆಯ ಉರಿ ಹೋಯಿತು. ಆದರೆ ಹನ್ನೊಂದು ಗಂಟೆಗೆ ನನ್ನ ಮಾತಿನ ಉರಿ ಹೆಚ್ಚಾಯಿತೆಂದು ಮನೆಯವರು ಹೇಳಿದರು. ರಾತ್ರಿಯ ಊಟವನ್ನು ಎಂಟಕ್ಕೆ ತಂದು, ಬೆಳಗ್ಗೆ ಒಂದು ಲೋಟ ಅಂಬಲಿಗೆ ಬಂದು ನಿಂತೆ.

ಈ ಪರೀಕ್ಷೆಗೆ ಇಳಿಯಲೇಬಾರದವರೂ ಇದ್ದಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ನೊ ಮಾತ್ರೆಯೊ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ತಿಂಡಿ ಬಿಟ್ಟರೆ ಸಕ್ಕರೆ ಹಠಾತ್ತಾಗಿ ಇಳಿದು ಪ್ರಾಣಾಪಾಯವಾಗಬಹುದು. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಮೈ ಬತ್ತಿದ ಮುದುಕರು, ಆಹಾರದ ಜೊತೆಗೇ ಔಷಧ ಸೇವಿಸಬೇಕಾದವರು ಇದರ ತಂಟೆಗೆ ಹೋಗಬಾರದು. ಮಕ್ಕಳ ವಿಷಯದಲ್ಲಿ ಸರಕಾರ ತನ್ನ ಉತ್ತರವನ್ನು ಕೊಟ್ಟಿದೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ ಸರಕಾರಿ ಶಾಲೆಯ ಮಗುವಿಗೆ ಗೊತ್ತಾದ ಪ್ರಮಾಣ 150 ಮಿಲಿಲೀಟರ್ ಹಾಲು. ಮಧ್ಯಾಹ್ನದ ಬಿಸಿಯೂಟ ಅದಕ್ಕೆ ಹತ್ತು ವರ್ಷ ಮೊದಲೇ ಬಂದಿದ್ದಿತು. ಆದರೂ ಬೆಳಗಿನ ಪ್ರಾರ್ಥನೆಗೆ ನಿಂತ ಮಗು ಬರಿಹೊಟ್ಟೆಯಲ್ಲಿದ್ದರೆ ಬಿಸಿಯೂಟದ ಗಂಟೆಯ ತನಕ ಅದಕ್ಕೆ ಕಾಗುಣಿತ ಹತ್ತುವುದು ಹೇಗೆ?

ಇನ್ನು ಮನೆಯ ಹೆಂಗಸರು. ಬೆಳಗಿನ ವಾರ್ತೆ ಮುಗಿಯುವುದರೊಳಗೆ ಗಂಡನಿಗೆ, ಮಕ್ಕಳಿಗೆ, ಅತ್ತೆಗೆ ತಿಂಡಿ ಕೊಟ್ಟು, ಡಬ್ಬಿ ಕಟ್ಟಿ, ಪಾತ್ರೆ ಬೆಳಗಿ, ಹನ್ನೊಂದಕ್ಕೆ ಆರಿದ ಉಪ್ಪಿಟ್ಟಿನ ತಳವನ್ನು ಕೆರೆದುಕೊಂಡು ತಿನ್ನುವವರು ಎಷ್ಟು ಜನ! ಕೇಳಿದರೆ, “ನನಗೆ ಬೆಳಗ್ಗೆ ಹಸಿವೇ ಆಗುವುದಿಲ್ಲ” ಎನ್ನುತ್ತಾರೆ. ಇದು ಸಾತ್ಮ್ಯವೊ, ಸಂಕೋಚವೊ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ. ಅದಕ್ಕೆ ಕಾರಣಗಳು ಹಲವು. ಬೆಳಗಿನ ತಿಂಡಿಯೊಂದೇ ಅಲ್ಲ. ಆದರೆ ಅನ್ನಕ್ಕೆ ಬದಲು ಕಾಫಿ ಕುಡಿಯುವುದೂ, ಉಣ್ಣುವಾಗಲೇ ಕಾಫಿ ಟೀ ಕುಡಿದು ಆಹಾರದ ಕಬ್ಬಿಣ ರಕ್ತಕ್ಕೆ ಸೇರದಂತೆ ಮಾಡಿಕೊಳ್ಳುವುದೂ ಅದರಲ್ಲಿ ಸೇರಿವೆ. ಹಸಿವಾಗುವುದಿಲ್ಲವೆನ್ನುವ ಹೆಂಗಸನ್ನು ಎರಡು ವಾರ ಎಲ್ಲರಿಗಿಂತ ಮೊದಲು, ಬಿಸಿಬಿಸಿಯಾಗಿ, ಕೂಡಿಸಿ ಬಡಿಸಿ ನೋಡಿದರೆ ಉತ್ತರ ಗೊತ್ತಾಗುತ್ತದೆ. ಆ ಮೇಲೂ ಬೇಡವೆಂದರೆ ಬಿಡಲಿ.

ಓಬವ್ವನ ಕಿಂಡಿಯ ಬಳಿ ಈಗಲೂ ನೀರು ಜಿನುಗುವುದನ್ನು ಮಾರ್ಗದರ್ಶಿಗಳು ತೋರಿಸುತ್ತಾರೆ. ಮೊನ್ನೆ ಹೋಗಿದ್ದಾಗ ಒಬ್ಬ ಹುಡುಗ ತನ್ನ ತಾಯಿಯನ್ನು, “ಅವಳ ಗಂಡ ಊಟ ಮಾಡ್ತಿದ್ದ ಸರಿ, ಅವಳದಾಗಿತ್ತಾ?” ಎಂದು ಕೇಳಿದ. ತಾಯಿ ಚೀಲದಿಂದ ಚಪಾತಿಯ ಡಬ್ಬಿಯನ್ನು ತೆಗೆಯುತ್ತಿದ್ದಳು. ಅವನ ಕೈಗೊಂದು ಕೊಟ್ಟು, ತಾನೂ ಒಂದನ್ನು ತೆಗೆದುಕೊಂಡಳು.